ಕಾಲಿಗೂ ಸ್ಕ್ಯಾನಿಂಗ್ ಐತೇನ್ರಿ?

ಸ್ಕ್ಯಾನಿಂಗ್ ಸೆಂಟರ್ ನಡೆಸುವವರಿಗೆ ನಗೆಯ ಬರ ಎಂದೂ ಇಲ್ಲ. ನಾವು ಎಷ್ಟೇ ಬಿಗುಮಾನದಿಂದ ಬಿಳಿ ಕೋಟು ಹಾಕಿಕೊಂಡು ಕೂತರೂ ಯಾವುದಾದರೊಂದು ಪ್ರಸಂಗ ಬಾಗಿಲು ತಳ್ಳಿಕೊಂಡು ಒಳಗೆ ಬಂದೇ ಬರುತ್ತದೆ. ನಾನು ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸೆಂಟರ್ ತೆರೆದದ್ದು ತೊಂಬತ್ತರ ದಶಕದ ಕೊನೆಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಬಸುರಿಯರೇ. ಸ್ಕ್ಯಾನಿಂಗ್ ಎಂದರೆ ಬಸಿರು, ಬಸಿರು ಎಂದರೆ ಸ್ಕ್ಯಾನಿಂಗ್. ಆ ಯಂತ್ರಕ್ಕೆ ಬೇರೆ ಕೆಲಸವೂ ಉಂಟೆಂದು ಊರಿಗೆ ಗೊತ್ತಿರಲಿಲ್ಲ. ಖರೆ ಹೇಳಬೇಕೆಂದರೆ, ನನಗೂ ಅಷ್ಟಾಗಿ ನೆನಪಿರಲಿಲ್ಲ.

ನೆನಪಿಸಿದವರು ಕಾಲು ನೋವಿನವರು. ಅವರಲ್ಲೂ ಒಬ್ಬ ಹುಡುಗಿ ಮತ್ತು ಅವಳ ಅಜ್ಜಿ. ಆ ಹುಡುಗಿಗೆ ಸಿಗಬೇಕಾಗಿದ್ದ ಪೊಲೀಸ್ ನೌಕರಿ ಪಾದದೊಳಗಿನ ಒಂದು ಕೂದಲೆಳೆಯಷ್ಟು ಬಿರುಕಿಗೆ ಸಿಕ್ಕಿಕೊಂಡಿತ್ತು. ಅವರಿಬ್ಬರನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಆದರೆ ಅವರ ತನಕ ಮುಟ್ಟಬೇಕಾದರೆ ಮೊದಲು ಒಬ್ಬ ಡ್ರಿಲ್ ಮಾಸ್ತರರು ನೀರು ಕುಡಿಯಬೇಕು.

೧. ತಂಬಿಗೆ ನೀರು

ಮೂಡಲಗಿ ಕಡೆಯ ಹೈಸ್ಕೂಲೊಂದರ ಡ್ರಿಲ್ ಮಾಸ್ತರರು ಅವರು. ಆಗಸ್ಟ್ ಹದಿನೈದರ ಪರೇಡಿಗೆಂದು ಹೊಸ ಬೂಟು ಹಾಕಿಕೊಂಡು, ಹುಡುಗರ ಮುಂದೆ ಕಾಲು ಅಪ್ಪಳಿಸಿ ಅಪ್ಪಳಿಸಿ ಪಾದ ನೋಯಿಸಿಕೊಂಡಿದ್ದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಅವರನ್ನು ನೋಡುತ್ತಿದ್ದ ಘಟಪ್ರಭಾದ ಎಲುಬಿನ ಡಾಕ್ಟರರು ನನಗೆ ಫೋನ್ ಮಾಡಿದರು.

"ಮೇಡಂ, ಇದು ಒಂದ ಏಟಿಗೆ ಮುರದದ್ದಲ್ಲ. ಬಡದು ಬಡದು ದಣದ ಎಲುಬು. ಕೂದಲೆಳಿಯಷ್ಟು ಬಿರುಕು ಇರತೈತಿ, ಎಕ್ಸ್‌ರೇದಾಗ ಕಾಣಬೇಕಂದ್ರ ಮೂರು ವಾರ ಬೇಕು. ನಿಮ್ಮ ಹಂತೇಲಿ ಥೈರಾಯ್ಡ್ ನೋಡೂ ಸಣ್ಣ ಪ್ರೋಬ್ ಐತಲ್ಲ, ಅದನ್ನ ಪಾದದ ಮ್ಯಾಲ ಇಟ್ಟು ನೋಡ್ರಿ. ಅಲ್ಲಿ ಎಲುಬು ಚರ್ಮದ ಕೆಳಗ ಇರ್ತಾವು. ಎಲುಬಿನ ಗೆರಿ ಎಲ್ಲೆರ ತುಂಡಾಗೇತೇನು, ಬಾಜೂಕ ನೀರು ಕೂಡೇತೇನು, ಅಷ್ಟ ಹೇಳ್ರಿ."

ಜೀವಮಾನವೆಲ್ಲ ಹೊಟ್ಟೆ ನೋಡಿದ ಕೈ ಇದು, ಪಾದ ನೋಡೀತೇ ಎಂದು ನನಗೇ ಅನುಮಾನ. ಇರಲಿ, ಕಳಿಸಿ ಅಂದೆ.

ನನ್ನ ಸೆಂಟರಿನಲ್ಲಿ ನಾನು ಹೆಸರಿಗಷ್ಟೇ ಡಾಕ್ಟರ್, ರಾಜ್ಯಭಾರವೆಲ್ಲ ಆಯಾಳದು. ಮೂತ್ರಕೋಶ ತುಂಬಿದ್ದರೆ ಕೂಸು ಚೆನ್ನಾಗಿ ಕಾಣುತ್ತದೆ ಎಂದು ನಾನು ಯಾವಾಗಲೋ ಅವಳಿಗೆ ಹೇಳಿದ್ದೆ. ಅಂದಿನಿಂದ ಬಾಗಿಲು ದಾಟಿ ಬಂದವರಿಗೆಲ್ಲ ಆಕೆ ಒಂದು ತಂಬಿಗೆ ನೀರು ಕೊಟ್ಟು, ಅದು ಬರಿದಾಗುವ ತನಕ ಎದುರಿಗೇ ನಿಲ್ಲುತ್ತಿದ್ದಳು. ಅವಳ ಕಾಯಿದೆಗೆ ಗಂಡಸು ಹೆಂಗಸು ಎಂಬ ಭೇದವಿರಲಿಲ್ಲ.

ಕರೆದಾಗ ಮಾಸ್ತರರು ಒಳಗೆ ಬಂದ ರೀತಿ ನೋಡಿ ನನಗೆ ಕನಿಕರವಾಯಿತು. ಎರಡೂ ಮೊಳಕಾಲು ಕೂಡಿಸಿಕೊಂಡು, ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದರು.

"ನೋವು ಎಲ್ಲಿ ಜಾಸ್ತಿ ಐತ್ರಿ ಮಾಸ್ತರ್?" ಅಂದೆ.

"ಕಾಲಿನ ಸುದ್ದಿ ಆಮ್ಯಾಲೆ ರಿ ಮೇಡಂ. ಮೊದಲ ಸಂಡಾಸ ಎಲ್ಲೈತಿ ಹೇಳ್ರಿ."

ಹೋಗಿ, ಮನುಷ್ಯರಾಗಿ ಬಂದು ಮಲಗಿದರು. ಜೆಲ್ ಹಚ್ಚಿ ಪ್ರೋಬ್ ಇಟ್ಟೆ. ಪರದೆಯ ಮೇಲೆ ಎಲುಬಿನ ಬಿಳಿ ಗೆರೆ ನೆಟ್ಟಗೆ ಸಾಗಿ, ಒಂದು ಕಡೆ ತಟಕ್ಕನೆ ತುಂಡಾಗಿತ್ತು. ಪಕ್ಕದಲ್ಲಿ ಕಪ್ಪಗೆ ಚೂರು ನೀರು. ಅಲ್ಲಿ ಒತ್ತಿದೆ. ಮಾಸ್ತರರು ಹುಡುಗರ ಮುಂದೆ ಎಂದೂ ಆಡದ ಒಂದು ಮಾತು ಆಡಿದರು. ಮೂರು ವಾರದ ಮೇಲೆ ತೆಗೆದ ಎಕ್ಸ್‌ರೇ ಕೂಡ ಹೌದು ಹೌದು ಎಂದಿತು. ನನಗಂತೂ ಮೊದಲ ಸಲ ಕೂಸಿನ ಗುಂಡಿಗೆ ಬಡಿಯುವುದನ್ನು ಕಂಡಷ್ಟು ಖುಷಿ.

ಅಂದು ಅವರು ಹೊರಡುವಾಗ ಕೇಳಿದೆ, "ಅಲ್ಲಾ ಮಾಸ್ತರ್, ಆಯಾ ಹೇಳಿದಳು ಅಂತ ಅಷ್ಟು ನೀರು ಕುಡಿಯೋದೇ? ಯಾಕೆ ಅಂತ ಕೇಳಬಾರದಿತ್ತೇ?"

"ಕೇಳಿದ್ನಿರಿ. 'ಪೂರಾ ತುಂಬಬೇಕು' ಅಂದ್ಲು. ಆಕಿ ಕೊಟ್ಟಿದ್ದು ಒಂದ ತಂಬಿಗಿ. ಅಲ್ಲಿಂದ ಪಾದದ ತನಕ ತುಂಬಬೇಕಲ್ಲಾ ಅಂತ ಇನ್ನೊಂದು ನಾನ ಬೇಡಿ ಕುಡದ್ನಿ."

೨. ಪಾದ ಮುಟ್ಟಿದ ಪಾಪ

ಮಾಸ್ತರರ ಬಾಯಿ ಮೂಡಲಗಿಯ ಸಂತೆಗಿಂತ ದೊಡ್ಡದು. ಗೋಕಾಕದಲ್ಲಿ ಕಾಲಿಗೂ ಸ್ಕ್ಯಾನಿಂಗ್ ಮಾಡುತ್ತಾರೆ ಎಂದು ಸಾರಿಬಿಟ್ಟರು. ಮಂಡಿ, ಹಿಮ್ಮಡಿ, ಆಣಿ, ಎಲ್ಲವೂ ಬಂದವು. ಎಲ್ಲ ಎಲುಬಿಗೂ ಈ ವಿದ್ಯೆ ನಡೆಯುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಹತ್ತಿತು. ಆದರೆ ನಿಜವಾದ ಬಿರುಕಿನವರೂ ನಡುನಡುವೆ ಸಿಗುತ್ತಿದ್ದರು.

ಅಂಥವರಲ್ಲಿ ಒಬ್ಬರು ಹುಕ್ಕೇರಿಯ ಕಿರಾಣಿ ವ್ಯಾಪಾರಿ, ಜೈನ ಮನೆತನದ ಹಿರಿಯರು. ಮುನಿಗಳ ವಿಹಾರದ ಸಂಗಡ ಊರಿಂದೂರಿಗೆ ಬರಿಗಾಲಲ್ಲಿ ನಡೆದಿದ್ದರು. ಅಂಗಡಿಯ ಗಾದಿಯ ಮೇಲೆ ಕೂತು ಮೆತ್ತಗಾದ ಪಾದ ಒಮ್ಮೆಲೇ ಅಷ್ಟು ನಡೆದರೆ ತಡೆದೀತೇ?

"ಕಾಲು ಈ ದಿಂಬಿನ ಮೇಲೆ ಇಡ್ರಿ ಕಾಕಾ," ಅಂದೆ. ದಿಂಬು ನನ್ನ ಎದುರಿಗಿತ್ತು.

"ಛೇ ಛೇ! ಡಾಕ್ಟರ ಮುಂದ ಕಾಲ ಚಾಚೂದೇನ್ರಿ? ಮುಂದಿನ ಜನ್ಮಕ್ಕ ನಾ ಏನಾಗಿ ಹುಟ್ಟಲಿ?"

ಹೇಗೋ ಒಪ್ಪಿಸಿ ಇಡಿಸಿದೆ. ಪ್ರೋಬ್ ಹಿಡಿದ ನನ್ನ ಕೈ ಅವರ ಪಾದಕ್ಕೆ ತಾಗಿತು. ಕಾಕಾ ದಿಗ್ಗನೆ ಎದ್ದು ಕೂತು, ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಮಲಗಿದರು. ಪರದೆಯ ಮೇಲಿನ ಎಲುಬು ಮಾಯ. ಮತ್ತೆ ಹುಡುಕಿದೆ, ಮತ್ತೆ ಕೈ ತಾಗಿತು, ಮತ್ತೆ ಎದ್ದರು. ವ್ಯಾಯಾಮ ಶಾಲೆಯಲ್ಲೂ ಯಾರೂ ಅಷ್ಟು ಸಲ ಎದ್ದು ಮಲಗಿರಲಾರರು. ನನಗೆ ಸಿಟ್ಟು ಬೇಗ ಬರುತ್ತದೆ, ಬಂತು.

"ಕಾಕಾ, ಅಲುಗಾಡಬೇಡ್ರಿ!"

"ನೀವು ಮುಟ್ಟೂದ ಬಿಡ್ರಿ, ನಾ ನಮಸ್ಕಾರ ಬಿಡ್ತೇನಿ."

"ಮುಟ್ಟದೆ ನೋಡಲಿಕ್ಕೆ ಬರೋದಿಲ್ಲ ಕಾಕಾ."

ಕಾಕಾ ವ್ಯಾಪಾರಿ. ಗಿರಾಕಿ ಒಪ್ಪದಿದ್ದಾಗ ದಾರಿ ಹುಡುಕುವುದು ಅವರಿಗೆ ಹೊಸದಲ್ಲ. "ಹಂಗಾರ ಒಂದ ಕೆಲಸ ಮಾಡೂಣು. ಎಲ್ಲಾ ನಮಸ್ಕಾರ ಒಮ್ಮೆಲೆ ಅಡ್ವಾನ್ಸ್ ತಗೊಂಬಿಡ್ರಿ," ಎಂದು ಎದ್ದು ಕೂತರು. ಒಂದೇ ಸವನೆ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಾಕೆನಿಸಿದ ಮೇಲೆ ಮಲಗಿ ಕಣ್ಣು ಮುಚ್ಚಿ ಜಪಕ್ಕೆ ಕೂತವರಂತೆ ಸ್ತಬ್ಧವಾದರು. ಅಷ್ಟು ಸ್ವಚ್ಛವಾದ ಚಿತ್ರ ನನಗೆ ಎಂದೂ ಸಿಕ್ಕಿರಲಿಲ್ಲ. ಬಿರುಕು ಎದ್ದು ಕಾಣುತ್ತಿತ್ತು.

ಕಾಲು ಒರೆಸಿಕೊಂಡು ಇಳಿದವರು ಹೋಗುವ ಮುನ್ನ ಮತ್ತೆ ಬಾಗಿ ನನ್ನ ಕೈ ಮುಟ್ಟಿದರು. ಇಷ್ಟು ಮರ್ಯಾದೆಗೆ ನಾನು ಲಾಯಕ್ಕೇ ಎಂದು ಒಳಗೊಳಗೇ ಸಂಕೋಚವಾಯಿತು. "ಎಲ್ಲಾ ಅಡ್ವಾನ್ಸ್ ಕೊಟ್ಟಿದ್ರಲ್ಲ ಕಾಕಾ?" ಅಂದೆ.

"ಅದು ಅಸಲು. ಇದು ಬಡ್ಡಿ."

೩. ಅಜ್ಜನ ಮೂಗು

ಅರಭಾವಿ ಕಡೆಯ ಒಬ್ಬ ರೈತ, ಹೊಸದಾಗಿ ಮದುವೆಯಾದವನು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರೆ ಹೊತ್ತು ಓಡಾಡಿ ಪಾದ ಬಿರಿದುಕೊಂಡಿದ್ದ. ನೋಡಿ, ಯಂತ್ರದಿಂದ ಬರುವ ಸಣ್ಣ ಕಪ್ಪು ಬಿಳುಪು ಫೋಟೋ ಕೈಗಿಟ್ಟು, ವಿಶ್ರಾಂತಿ ತಗೋ ಎಂದು ಕಳಿಸಿದೆ. ಸಂಗಡ ಹೆಂಡತಿಯೂ ಇದ್ದಳು.

ಮರುದಿನ ಬಾಗಿಲು ತೆರೆಯುವುದರೊಳಗೆ ಹಾಜರಾದ. ಮುಖ ಸಿಂಡರಿಸಿತ್ತು.

"ಏನಾತಪ್ಪಾ?"

"ಬಸ್ಸಿನ್ಯಾಗ ಹೆಣಮಕ್ಕಳು ಫೋಟೋ ಕಸಗೊಂಡ್ರು ರಿ. ಒಬ್ಬಾಕಿ 'ಕೂಸು ದುಂಡಗ ಐತಿ' ಅಂದ್ಲು. ಇನ್ನೊಬ್ಬಾಕಿ 'ಮೂಗು ಅಜ್ಜಂದ' ಅಂದ್ಲು. ನನ್ನ ಹೇಣ್ತಿ ನಾಚಿ ಸೆರಗ ಮುಚಗೊಂಡು ಕೂತ್ಲು. ನಾಚಿದ್ದ ನೋಡಿ ಎಲ್ಲಾರೂ ಖರೇನ ಅಂತ ತಿಳಕೊಂಡ್ರು. ನಾವು ಊರ ಮುಟ್ಟೂದ್ರಾಗ ನಮ್ಮವ್ವ ಆರತಿ ಹಿಡಕೊಂಡು ಬಾಗಲಾಗ ನಿಂತಿದ್ಲು."

ಗೋಕಾಕದ ಸ್ಕ್ಯಾನಿಂಗ್ ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಪಾಪ, ಅವನು ಕೇಳಿದ್ದು ಇಷ್ಟೇ. ಫೋಟೋದ ಮೇಲೆ "ಕಾಲು" ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು. ಬರೆದು ಕೊಟ್ಟೆ.

ಮತ್ತೆ ತೋರಿಸಲು ಬಂದಾಗ ಕೇಳಿದೆ, "ನಿಮ್ಮವ್ವಗ ತಿಳೀತೇನಪ್ಪಾ?"

"ಎಲ್ಲೀದ್ರಿ! 'ಕೂಸಿನ ಕಾಲಷ್ಟ ಯಾಕ ತಗದಾರ, ಮಾರಿ ಯಾಕ ತಗದಿಲ್ಲ' ಅಂತ ಜಗಳಾ ತಗದಾಳ."

೪. ಸ್ಕ್ಯಾನಿಂಗ್ ಯಾರಿಗೆ?

ಇಂಥ ಸೀಮೆಯಲ್ಲಿ ಮದುವೆಯಾಗದ ಹುಡುಗಿ ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲು ಹತ್ತಬೇಕಾದರೆ ಎಂಥ ಎದೆ ಬೇಕು, ನೀವೇ ಯೋಚಿಸಿ.

ಹುಡುಗಿ ಮೂಡಲಗಿ ಹತ್ತಿರದ ಹಳ್ಳಿಯವಳು, ನಮ್ಮ ಡ್ರಿಲ್ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಪೊಲೀಸ್ ನೌಕರಿಗೆ ಅರ್ಜಿ ಹಾಕಿದ್ದಳು. ಬೆಳಗಾವಿಯಲ್ಲಿ ಓಟದ ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿತ್ತು. ಮನೆಯಲ್ಲಿ ಕರಾರು ಹಾಕಿದ್ದರು. ಈ ಸಲ ಪಾಸಾದರೆ ನೌಕರಿ, ಇಲ್ಲದಿದ್ದರೆ ನೋಡಿಟ್ಟ ವರನಿಗೆ ಕೊರಳೊಡ್ಡಬೇಕು. ಕಾಲುವೆಯ ಏರಿಯ ಮೇಲೆ ಬೆಳಗಿನ ಜಾವ ಓಡಿ ಓಡಿ ಅವಳ ಪಾದ ನೋಯತೊಡಗಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಓಡಾಕ ಬ್ಯಾಸರಾಗಿ ನೆವಾ ಹೇಳಾಕತ್ತಾಳ," ಎಂದು ಚಿಕ್ಕಪ್ಪ ತೀರ್ಪು ಕೊಟ್ಟ. ಮನೆಯವರೆಲ್ಲ ತಲೆಯಾಡಿಸಿದರು.

ನಂಬಿದವರು ಮಾಸ್ತರರೊಬ್ಬರೇ. "ಇದು ನೆವಾ ಅಲ್ಲ, ನನಗ ಆಗಿದ್ದ ಬ್ಯಾನಿ. ಗೋಕಾಕಕ್ಕ ಹೋಗಿ ಆ ಮೇಡಂಗ ತೋರಸು. ಅಲ್ಲಿ ನೀರು ಮಾತ್ರ ಕುಡೀಬ್ಯಾಡ," ಎಂದು ಕಳಿಸಿದ್ದರು.

ಸಂಗಡ ಅಜ್ಜಿ ಬಂದಿದ್ದಳು. ಒಣಗಿದ ಜಾಲಿ ಕಟ್ಟಿಗೆಯಂಥ ಮೈ, ಮೊಣಕಾಲ ಮೇಲೆ ಕಟ್ಟಿದ ಕಚ್ಚೆ ಸೀರೆ, ಕೈಯಲ್ಲಿ ಕೋಲು. ಒಳಗೆ ಕಾಲಿಡುತ್ತಲೇ ಸಾಲಾಗಿ ಕೂತ ಬಸುರಿಯರನ್ನು ಕಂಡು ಬಾಗಿಲಲ್ಲೇ ನಿಂತಳು. ದೈವ ನೋಡಿ, ಆ ಸಾಲಿನಲ್ಲಿ ಅವರ ಓಣಿಯ ಹೆಂಗಸೊಬ್ಬಳು ಬಸುರಿ ಮಗಳನ್ನು ಕರೆದುಕೊಂಡು ಕೂತಿದ್ದಳು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನಬೇ ಅಜ್ಜಿ, ಮೊಮ್ಮಗಳನ್ನ ಇಲ್ಲಿ ಕರ್ಕೊಂಡ ಬಂದಿ?"

ಹಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಾನು ಒಳಕೋಣೆಯ ಪರದೆ ಸರಿಸಿ ನೋಡುತ್ತಿದ್ದೆ. ಹುಡುಗಿಯ ಮುಖದಲ್ಲಿ ರಕ್ತವಿರಲಿಲ್ಲ. ಈ ಮಾತು ಸಂಜೆಯ ಬಸ್ಸಿಗೆ ಊರು ಮುಟ್ಟಿದರೆ ಓಟವೂ ಇಲ್ಲ, ನೌಕರಿಯೂ ಇಲ್ಲ.

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಆಕಿನ್ನ ನಾ ಯಾಕ ಕರ್ಕೊಂಡ ಬರ್ಲಿ? ಆಕಿ ನನ್ನ ಕರ್ಕೊಂಡ ಬಂದಾಳ. ಸ್ಕ್ಯಾನಿಂಗ್ ನನಗ!"

"ನಿನಗಾ? ಈ ವಯಸ್ಸಿನ್ಯಾಗ?"

"ಯಾಕ, ದೇವರ ಕೊಟ್ರ ಬ್ಯಾಡ ಅನ್ಲೇನು?"

ಹೊಟ್ಟೆ ಹಿಡಿದುಕೊಂಡು ನಗಬಾರದ ತಿಂಗಳಿನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವಳು ನಮ್ಮ ಆಯಾ ಒಬ್ಬಳೇ. ಅವಳಿಗೆ ಕಾಯಿದೆ ಅಂದರೆ ಕಾಯಿದೆ, ತಂಬಿಗೆ ತುಂಬಿ ತಂದು ಅಜ್ಜಿಯ ಕೈಗಿಟ್ಟಳು. ಅಜ್ಜಿ ಓಣಿಯ ಹೆಂಗಸಿನ ಮೇಲಿಟ್ಟ ಕಣ್ಣು ತೆಗೆಯದೆ ಗಟಗಟನೆ ಕುಡಿದು ತಂಬಿಗೆ ಚಾಚಿದಳು.

"ಇನ್ನೊಂದ ತಾರವ್ವಾ. ಜೋಡಿ ಇದ್ರೂ ಇರಬಹುದು."

೫. ಒಂದೇ ಎಲುಬು

ಒಳಗೆ ಬಂದು ಬಾಗಿಲು ಹಾಕುತ್ತಲೇ ಅಜ್ಜಿಯ ಗತ್ತೆಲ್ಲ ಇಳಿಯಿತು. ಮೂಲೆಯಲ್ಲಿ ಕೋಲು ಹಿಡಿದು ಕೂತಳು. ಹುಡುಗಿ ಮೇಜಿನ ಮೇಲೆ ಮಲಗಿ ಅಳತೊಡಗಿದಳು.

"ಮೇಡಂ, ಏನೂ ಇಲ್ಲ ಅಂದ್ರ ಮನ್ಯಾಗ ಓಡು ಅಂತಾರ. ಬಿರುಕ ಐತಿ ಅಂದ್ರ ನೀವು ಓಡಬ್ಯಾಡ ಅಂತೀರಿ. ಹೆಂಗ ಆದ್ರೂ ನನ್ನ ನೌಕರಿ ಹೋತು."

ಪ್ರೋಬ್ ಇಟ್ಟೆ. ಎರಡನೇ ಬೆರಳಿನ ಹಿಂದಿನ ಉದ್ದನೆಯ ಎಲುಬಿನಲ್ಲಿ ಬಿಳಿ ಗೆರೆ ಸ್ವಲ್ಪ ಉಬ್ಬಿ, ನಡುವೆ ತುಂಡಾಗಿತ್ತು. ಘಟಪ್ರಭಾದ ಡಾಕ್ಟರರಿಗೆ ಫೋನ್ ಮಾಡಿ ಅವರ ಅಭಿಪ್ರಾಯವನ್ನೂ ಕೇಳಿಕೊಂಡೆ. ಆಮೇಲೆ ಅವಳಿಗೆ ಹೇಳಿದೆ: "ನೋಡವ್ವಾ, ಈಗ ಇದು ಕೂದಲೆಳೆ. ಹಿಂಗ ಓಡಿದ್ರ ಪರೀಕ್ಷೆಯ ದಿನ ಮೈದಾನದಾಗ ಪೂರಾ ಮುರೀತದ. ಆರು ವಾರ ಓಡಬೇಡ, ಆಮೇಲೆ ನೋವಿಲ್ಲದಿದ್ರ ಮೆಲ್ಲಗ ಶುರು ಮಾಡು. ನಿನ್ನ ನೌಕರಿ ಉಳಿಯೋದು ಈಗ ನೀನು ಕೂತ್ರ ಮಾತ್ರ."

"ಮನ್ಯಾಗ ಯಾರು ನಂಬ್ತಾರ್ರಿ? ನೆವಾ ಅಂತಾರ," ಅಂದಳು.

ಮೂಲೆಯಿಂದ ಅಜ್ಜಿ ಎದ್ದಳು. "ಅದು ಇರಲಿ. ಈಗ ನಂದ ನೋಡು ತಂಗಿ. ಹೊರಗ ಆಕಿ ಮುಂದ ಹೇಳೇನಿ, ನನ್ನ ಮಾತು ಸುಳ್ಳ ಆಗಬಾರದು."

ಮುದುಕಿಯ ಮನಸ್ಸು ನೋಯಿಸುವುದೇಕೆ ಎಂದು ತಮಾಷೆಗೆ ಅವಳ ಪಾದದ ಮೇಲೂ ಪ್ರೋಬ್ ಇಟ್ಟೆ. ಪರದೆ ನೋಡಿದವಳು ಹುಡುಗಿಯ ಚಿತ್ರವೇ ಉಳಿದುಕೊಂಡಿದೆಯೇನೋ ಎಂದುಕೊಂಡೆ. ಪ್ರೋಬ್ ಒರೆಸಿ, ಹೊಸದಾಗಿ ಜೆಲ್ ಹಾಕಿ ಮತ್ತೆ ಇಟ್ಟೆ. ಅದೇ ಎಲುಬು, ಅದೇ ತುಂಡಾದ ಗೆರೆ, ಪಕ್ಕದಲ್ಲಿ ಅದೇ ಕಪ್ಪು ನೀರು.

"ಅಜ್ಜಿ, ನಿಮಗೆ ಕಾಲು ನೋಯೋದಿಲ್ಲೇನು?"

"ನೋಯತೈತಿ. ವಯಸ್ಸಾತಲ್ಲಾ, ನೋಯೂದ."

"ಅಜ್ಜಿ ದಿನಾ ನನ್ನ ಸಂಗಾಟ ಓಡತಾಳ್ರಿ," ಎಂದಳು ಹುಡುಗಿ ಮೆಲ್ಲಗೆ.

"ಮತ್ತ ಕತ್ತಲದಾಗ ಹೆಣ್ಣ ಹುಡುಗಿನ್ನ ಒಬ್ಬಾಕಿನ್ನ ಬಿಡಾಕ ಬರತೈತೇನು?" ಅಜ್ಜಿ ನನ್ನನ್ನು 'ಬುದ್ಧಿಗೇಡಿ' ಎಂಬಂತೆ ನೋಡಿದಳು. "ಏರಿ ಮ್ಯಾಲ ನಾಯಿ ಇರತಾವು. ನಾಯಿಕಿಂತ ಕಡೆ ಮಂದಿ ಇರತಾರ. ಆಕಿ ಮುಂದ ಓಡತಾಳ, ನಾ ಕೋಲ ಹಿಡಕೊಂಡು ಹಿಂದ."

ಬರಿಗಾಲಲ್ಲಿ, ಕಚ್ಚೆ ಬಿಗಿದುಕೊಂಡು, ಈ ವಯಸ್ಸಿನಲ್ಲಿ. ಅಷ್ಟು ವರ್ಷ ಆ ಯಂತ್ರದಲ್ಲಿ ಎಷ್ಟೋ ಗುಂಡಿಗೆ ನೋಡಿದ್ದೆ, ಆದರೆ ಒಂದು ಪಾದದಲ್ಲಿ ಇಷ್ಟು ಪ್ರೀತಿ ಕಂಡದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡು ಹೇಳಿದೆ, "ಅಜ್ಜಿ, ಇಬ್ಬರಿಗೂ ಒಂದೇ ಎಲುಬು ಬಿರುಕು ಬಿಟ್ಟದ. ನೀವೂ ಕೂತು ವಿಶ್ರಾಂತಿ ತಗೋಬೇಕು."

ಹೊರಗೆ ಓಣಿಯ ಹೆಂಗಸು ಕಾಯುತ್ತಲೇ ಇದ್ದಳು. "ಏನಂದ್ರು?" ಎಂದು ಕೇಳುವುದೇ ತಡ, ಅಜ್ಜಿ ಪಾದವನ್ನೆತ್ತಿ ಬೆಂಚಿನ ಮೇಲೆ ಅವಳ ಬಾಜೂಕೇ ಇಟ್ಟಳು. "ಕಾಲ ಮುರದೈತಿ ಅಂದ್ರು! ನಂದೂ ಮುರದೈತಿ, ಆಕಿದೂ ಮುರದೈತಿ. ಹೋಗು, ಊರೆಲ್ಲಾ ಹೇಳು!"

ಆ ಪುಣ್ಯಾತ್ಗಿತ್ತಿ ಹೇಳಿದಳು. ಒಂದು ಮನೆ ಬಿಡದೆ ಹೇಳಿದಳು. ಮೊಮ್ಮಗಳ ನೋವನ್ನು ನೆವ ಎಂದವರಿಗೆ ಅಜ್ಜಿಯ ನೋವನ್ನು ನೆವ ಎನ್ನುವ ಧೈರ್ಯವಿರಲಿಲ್ಲ, ಕೋಲು ಆಕೆಯ ಕೈಯಲ್ಲೇ ಇತ್ತಲ್ಲ. ಒಂದೇ ಓಟ, ಒಂದೇ ಬಿರುಕು. ಚಿಕ್ಕಪ್ಪ ತೆಪ್ಪಗಾದ. ಹುಡುಗಿಗೆ ಆರು ವಾರ ಕೂರಲು ಜಾಗ ಸಿಕ್ಕಿತು. ಅವಳ ಕಾಲು ನೆಲಕ್ಕೆ ಬೀಳದಂತೆ ಅಜ್ಜಿ ಅವಳ ಹೊರಸಿನ ಮೇಲೇ ಕಾವಲು ಕೂತಳಂತೆ.

ಅಂದು ಮೆಟ್ಟಿಲಿಳಿಯುವಾಗ ಅಜ್ಜಿ ಏನೋ ನೆನಪಾಗಿ ಹಿಂತಿರುಗಿ ಬಂದಳು. "ಅಲ್ಲ ತಂಗಿ, ಇಬ್ಬರೂ ಸರಿಸಮ ಓಡೇವಿ, ಇಬ್ಬರದೂ ಒಂದ ಎಲುಬು ಮುರದೈತಿ. ಆಕಿಗೆ ನೌಕರಿ ಕೊಟ್ರ ಸರಕಾರದವರು ನನಗೂ ಕೊಡಬೇಕಲ್ಲಾ?"

೬. ಗಟ್ಟಿ ಐತಿ ಅಂತ ಬರಕೊಡು

ಅವರನ್ನು ಮರೆತಿರಲಿಲ್ಲ. ಓಟದ ಪರೀಕ್ಷೆ ಆಗಿಹೋಗಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಏನಾಯಿತೋ, ನಾನು ಕೂರಿಸಿದ್ದರಿಂದಲೇ ಆ ಹುಡುಗಿಗೆ ಓಡಲಾಗದೆ ಹೋಯಿತೋ ಎಂಬ ಚಿಂತೆ. ಮಾಸ್ತರರಿಗೆ ಫೋನ್ ಮಾಡಿ ಕೇಳಲೂ ಹೆದರಿಕೆ.

ಒಂದು ಮಧ್ಯಾಹ್ನ ಹಾಲಿನಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಪರದೆ ಸರಿಸಿದೆ. ಬಸುರಿಯರ ಸಾಲಿನಲ್ಲಿ ಅಜ್ಜಿ ಒಬ್ಬಳೇ ಕೂತು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು. ಹುಡುಗಿ ಇಲ್ಲ. ಸರದಿ ಬಿಟ್ಟು ಮೊದಲು ಅವಳನ್ನೇ ಕರೆದೆ.

ಒಳಗೆ ಬಂದವಳು ಸೆರಗಿನ ಗಂಟು ಬಿಚ್ಚಿ ಕರದಂಟಿನ ಪೊಟ್ಟಣ ಮೇಜಿನ ಮೇಲಿಟ್ಟಳು.

"ಪಾಸಾದ್ಲು ತಂಗಿ. ಟ್ರೇನಿಂಗಿಗೆ ಹೋಗ್ಯಾಳ. ಕೂತ ದಿನದಾಗೂ ಆಕಿ ಓಡೂ ದಮ್ಮು ಕಡಿಮಿ ಆಗಿರಲಿಲ್ಲ ನೋಡು. ಎಲ್ಲಾರಕಿಂತ ಮುಂದ ಅಲ್ಲ ಖರೆ, ಆದ್ರ ಹಿಂದ ಬೀಳಲಿಲ್ಲ. ನೀ ಅವತ್ತ ಓಡಬ್ಯಾಡ ಅಂದಿ, ಅದಕ್ಕ ಓಡಿದ್ಲು."

ನಾನು ಅವಳ ಕೈ ಹಿಡಿದುಕೊಂಡೆ. ಸಾಲ ಮಾಡಿ ಯಂತ್ರ ಕೊಂಡಾಗ ಬ್ಯಾಂಕಿನವರಿಗೆ ಹೆದರಿದ್ದೆ, ಪಾದ ನೋಡಲು ಶುರು ಮಾಡಿದಾಗ ಜನ ನಗುತ್ತಾರೆಂದು ಹೆದರಿದ್ದೆ. ನಕ್ಕರು ಕೂಡ. ಆದರೆ ಆ ಮಾಸ್ತರರು, ಆ ಕಾಕಾ, ಆ ಅರಭಾವಿಯ ಗಂಡ ಹೆಂಡಿರು, ಎಲ್ಲಕ್ಕೂ ಮೇಲಾಗಿ ಈ ಮುದುಕಿ ನನ್ನ ಬಾಗಿಲಿಗೆ ಬಂದದ್ದು ನನ್ನ ಪುಣ್ಯ ಎಂದು ಅಂದು ಅನ್ನಿಸಿತು, ಇಂದೂ ಅನ್ನಿಸುತ್ತದೆ.

ಅಜ್ಜಿ ಅಷ್ಟರಲ್ಲಿ ಕೋಲು ಗೋಡೆಗೆ ಒರಗಿಸಿ, ತಾನೇ ಮೇಜು ಹತ್ತಿ ಮಲಗಿ, ಪಾದ ಚಾಚಿದ್ದಳು.

"ಯಾಕ ಅಜ್ಜಿ, ಮತ್ತೆ ನೋವೇನು?"

"ನೋವಿಲ್ಲ. ನೋಡು."

ಬಿರುಕು ಇದ್ದಲ್ಲಿ ಎಲುಬು ಗಂಟು ಕಟ್ಟಿಕೊಂಡು ಕೂಡಿತ್ತು. ಒತ್ತಿದೆ, ಹುಬ್ಬೂ ಅಲುಗಾಡಿಸಲಿಲ್ಲ. ಇನ್ನೊಂದು ಪಾದವನ್ನೂ ನೋಡೆಂದಳು, ಅದೂ ನೆಟ್ಟಗಿತ್ತು.

"ಪೂರಾ ಕೂಡೇತಿ ಅಜ್ಜಿ. ಗಟ್ಟಿ ಐತಿ. ಇನ್ನ ಏನೂ ಚಿಂತೆ ಇಲ್ಲ, ಆರಾಮಾಗಿ ಮನೆಯಾಗ ಕೂಡ್ರಿ."

ಅಜ್ಜಿ ಎದ್ದು ಕೂತು ಸೀರೆಯ ಕಚ್ಚೆ ಬಿಗಿದುಕೊಂಡಳು.

"ಕೂಡ್ರೂದೆಲ್ಲಿ ಬಂತು? ಗಟ್ಟಿ ಐತಿ ಅಂತ ಒಂದ ಚೀಟಿ ಬರಕೊಡು, ಮನ್ಯಾಗ ತೋರಸ್ತೇನಿ. ಆಕಿ ತಂಗಿನೂ ಪೊಲೀಸ ಆಗ್ತೇನಿ ಅನ್ನಾಕತ್ತಾಳ. ನಾಳಿಂದ ಓಡೂದೈತಿ."